ಅಳಿಯನಿಗೆ ಬೇಕಾದ ಕರಡಿ

ಅಳಿಯ ಕ್ರಾಂತಿಕುಮಾರ್ ಮನೆಗೆ ಬಂದು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಹನುಮಣ್ಣನಿಗೆ ಅವನನ್ನು ಕಂಡರಾಗದಂತೆ ಆಗಿಬಿಟ್ಟಿತ್ತು. ಮದುವೆಯಾದ ಮೇಲಿನ ಮೊದಲ ದೀಪಾವಳಿ. ಹರಪನಹಳ್ಳಿಯಿಂದ ಹೆಂಡತಿ ಕೀರ್ತನಾಳನ್ನು ಕರೆದುಕೊಂಡು ಕೂಡ್ಲಿಗಿ ತಾಲ್ಲೂಕಿನ ಈ ಗುಡ್ಡದ ಬುಡದ ಹಳ್ಳಿಗೆ ಬಂದಿದ್ದ. ಬಂದವನು ಹಿರಿಯರ ಕಾಲಿಗೆ ಬೀಳುವುದು ಬಿಟ್ಟು, ಕಟ್ಟೆಯ ಮೇಲೆ ಕೂತಿದ್ದ ಹನುಮಣ್ಣನ ಅಣ್ಣ ಓಬಣ್ಣನ ಪಕ್ಕಕ್ಕೆ ಹೋಗಿ, ಒತ್ತಿಕೊಂಡು ಕೂತು, ಮೊಬೈಲ್ ಎತ್ತಿದ.

"ದೊಡ್ಡಮಾವ, ಆ ಟವೆಲ್ ಸ್ವಲ್ಪ ಸರಿಸ್ರಿ. ಕರಡಿ ಕಿತ್ತಿದ್ದು ಕಾಣ್ಲಿ."

ಓಬಣ್ಣನ ಎಡಗಣ್ಣನ್ನೂ ಎಡಗೆನ್ನೆಯನ್ನೂ ಶೇಂಗಾ ಹೊಲದಲ್ಲಿ ಕರಡಿ ಕಿತ್ತುಕೊಂಡು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಅಂದಿನಿಂದ ಅವನು ಹೆಂಡತಿಯ ಮುಂದೆಯೂ ಮುಖದ ಟವೆಲ್ ತೆಗೆದವನಲ್ಲ. ಉಳಿದ ಒಂದು ಕಣ್ಣಿನಿಂದ ತಮ್ಮನ ಕಡೆ ನೋಡಿದ. ತಮ್ಮ ನೆಲ ನೋಡಿದ. ಓಬಣ್ಣ ಟವೆಲ್ ಸರಿಸಿದ. ಅಳಿಯ ಹಲ್ಲು ಕಿರಿದು, ಎರಡು ಬೆರಳು ಎತ್ತಿ ಫೋಟೊ ತೆಗೆದುಕೊಂಡ.

ಹನುಮಣ್ಣ ಸುಮ್ಮನಿದ್ದದ್ದು ಧೈರ್ಯ ಇಲ್ಲದೆ ಅಲ್ಲ. ಮೊದಲ ಹಬ್ಬಕ್ಕೆ ಬಂದ ಅಳಿಯ ಕೇಳಿದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲ. ಅವನ ಮುಂದೆ ದನಿ ಏರಿಸುವ ಹಾಗಿಲ್ಲ. ಅವನು ಮುನಿಸಿಕೊಂಡು ಎಲೆ ಬಿಟ್ಟೆದ್ದರೆ ಊರಿಗೆ ಊರೇ ಬಂದು ವಿಚಾರಿಸುತ್ತದೆ, ಆಮೇಲೆ ಅವನ ಸಿಟ್ಟೆಲ್ಲ ಇಳಿಯುವುದು ಮಗಳ ತಲೆಯ ಮೇಲೆ. ಯಾವ ಮಹಾಶಯ ಮಾಡಿಟ್ಟ ಪದ್ಧತಿಯೋ ಏನೋ. ಮಾಡಿದವನಿಗೆ ಹೆಣ್ಣುಮಕ್ಕಳು ಇದ್ದಿರಲಿಕ್ಕಿಲ್ಲ.

ಮರುದಿನ ಎಣ್ಣೆನೀರು ಎರೆಸಿಕೊಂಡು, ಮಾವ ಕೊಡಿಸಿದ ಹೊಸ ಅಂಗಿ ತೊಟ್ಟು ಕ್ರಾಂತಿಕುಮಾರ್ ಊಟಕ್ಕೆ ಕೂತ. ಎಡಗೈಯಲ್ಲಿ ಮೊಬೈಲ್. ಹರಪನಹಳ್ಳಿಯಲ್ಲಿ ಅವನದು ಮೊಬೈಲ್ ಅಂಗಡಿ; ಗಿರಾಕಿಗಳಿಗಿಂತ ಹೆಚ್ಚು ಹೊತ್ತು ತನ್ನ ಮುಖವನ್ನೇ ನೋಡಿಕೊಳ್ಳುತ್ತಾನೇನೋ ಎಂದು ಹನುಮಣ್ಣನಿಗೆ ಅನ್ನಿಸಿತು. ನಾಗರಹಾವನ್ನು ಕೊರಳಿಗೆ ಸುತ್ತಿಕೊಂಡ ಫೋಟೊ ತೋರಿಸಿದ. ಹಡಗಲಿ ಕಡೆ ಹೊಳೆಯ ದಂಡೆಯಲ್ಲಿ ಬಿಸಿಲಿಗೆ ಬಿದ್ದಿದ್ದ ಮೊಸಳೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ ಫೋಟೊ ತೋರಿಸಿದ. ಆ ಮೊಸಳೆಗೆ ಅವತ್ತು ಹಸಿವು ಇರಲಿಲ್ಲ, ಅಷ್ಟೇ.

"ಮಾವ, ಗುಡ್ಡದ ಮೇಲಿನ ಗುಡಿಗೆ ಕರಡಿ ಬಂದು ದೀಪದ ಎಣ್ಣೆ ನೆಕ್ಕುತಾವಂತೆ, ಹೌದಾ?"

"ಹಿಂದ ಯಾವಾಗೋ ಬರ್ತಿದ್ವು ರೀ. ಈಗಿಲ್ಲ," ಅಂದ ಹನುಮಣ್ಣ.

ಹೋಳಿಗೆ ಬಡಿಸುತ್ತಿದ್ದ ಅವನ ಹೆಂಡತಿ ಗಾದೆಮ್ಮ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ಹೆಂಗಸು, ಬಾಯಿಬಿಟ್ಟಳು. "ಅಯ್ಯ, ಮೊನ್ನಿನೂ ಬಂದಿತ್ತಲ್ಲ! ಪೂಜಾರಿ ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ನಂತ."

ಅಳಿಯ ಮಾವನ ಮುಖ ನೋಡಿದ. ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದ.

"ಇರ್ಲಿ ಬಿಡ್ರಿ. ಫ್ರೆಂಡ್ಸ್‌ಗೆಲ್ಲ ಹೇಳಿ ಬಂದಿದ್ದೆ. ನಿಮಗೆ ತೊಂದ್ರೆ ಆಗೋದಾದ್ರೆ ಬ್ಯಾಡ."

ಹಾಗಂದು ಎದ್ದು ಕೈ ತೊಳೆದ. ಮನೆಯಲ್ಲಿ ಹಬ್ಬ ಅಲ್ಲಿಗೆ ಮುಗಿಯಿತು.

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಕೀರ್ತನಾ ಅಪ್ಪನನ್ನು ಕಂಡು ದನಿ ತಗ್ಗಿಸಿದಳು. "ಅಪ್ಪಾ, ದೂರದಿಂದ ತೋರಿಸಿಬಿಡು. ನೀ ಒಲ್ಲೆ ಅಂದ್ರ ಊರಿಗೆ ಹೋದಮ್ಯಾಲೆ ಅವರು ತಿಂಗಳಾನುಗಟ್ಟಲೆ ನನ್ನ ಕೂಡ ಮಾತಾಡಂಗಿಲ್ಲ."

"ಹಂಗ ಮಾಡ್ಯಾನೇನು ಒಂದ್ಸಲ?"

ಕೀರ್ತನಾ ತಿಕ್ಕಿದ್ದ ಚರಿಗೆಯನ್ನೇ ಮತ್ತೆ ತಿಕ್ಕಿದಳು. ಹನುಮಣ್ಣ ಹೊರಗೆ ಬಂದು, ಸಂಜೆ ತಾನೇ ಕರೆದುಕೊಂಡು ಹೋಗುವುದಾಗಿಯೂ, ತಾನು ಕೂರಿಸಿದ ಬಂಡೆಯಿಂದ ಯಾರೂ ಇಳಿಯಬಾರದೆಂದೂ ಹೇಳಿದ. ಅಳಿಯ ಕೂಡಲೇ ನಕ್ಕು, ತಣ್ಣಗಾಗಿದ್ದ ಹೋಳಿಗೆಯನ್ನು ತರಿಸಿಕೊಂಡು ತಿಂದ.

ಹೊತ್ತು ಮುಳುಗುವಾಗ ಹನುಮಣ್ಣ, ಅಳಿಯ, ಕೀರ್ತನಾ ಮೂವರೂ ಗುಡ್ಡ ಹತ್ತಿದರು. ಪೂಜಾರಿ ದೀಪ ಹಚ್ಚಿ ಇಳಿದು ಹೋಗಿದ್ದ. ಗುಡಿಯ ಎದುರಿನ ಎತ್ತರದ ಬಂಡೆಯ ಮೇಲೆ ಹನುಮಣ್ಣ ಇಬ್ಬರನ್ನೂ ಕೂರಿಸಿ, ಕೋಲು ಹಿಡಿದು ತಾನೂ ಕೂತ. ಇನ್ನೂ ಮಸುಕು ಬೆಳಕಿತ್ತು. ಅಳಿಯನ ಬಾಯಿ ಒಂದು ಗಳಿಗೆ ಸುಮ್ಮನಿರಲಿಲ್ಲ, ಕೈ ಅದಕ್ಕಿಂತಲೂ ಇಲ್ಲ.

ಕರಡಿ ಕಲ್ಲುಗಳ ಸಂದಿಯಿಂದ ತನ್ನ ಪಾಡಿಗೆ ತಾನು ಬಂತು. ಬೆನ್ನ ಮೇಲೆ ಮರಿ ಇತ್ತು. ಮರಿ ಇರುವ ಕರಡಿ ಎಂದರೆ ಏನೆಂದು ಆ ಊರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ; ಓಬಣ್ಣನಿಗೆ ಎದುರಾದದ್ದೂ ಅಂಥದೇ.

"ಆತಲ್ಲ ರೀ. ಕಂಡಿರಲ್ಲ. ಏಳ್ರಿ, ಸಪ್ಪಳ ಮಾಡದಂಗ ಇಳಿದು ಹೋಗೋಣು," ಎಂದು ಹನುಮಣ್ಣ ಪಿಸುಗುಟ್ಟಿದ.

ಕ್ರಾಂತಿಕುಮಾರ್ ಆಗಲೇ ಎದ್ದಿದ್ದ. "ಇಷ್ಟು ದೂರದಿಂದ ಕಪ್ಪು ಚುಕ್ಕಿ ಕಂಡಂಗೆ ಕಾಣ್ತತೆ ಮಾವ. ಕೀರ್ತನಾ, ಬಾ. ಇಬ್ರೂ ನಿಂತ್ಕಳಣ, ಅದು ಹಿಂದೆ ಬರ್ಲಿ." ಹೆಂಡತಿಯ ಕೈ ಹಿಡಿದು ಎಳೆದುಕೊಂಡು ಬಂಡೆ ಇಳಿದೇಬಿಟ್ಟ.

ಕೂಗಿದರೆ ಕರಡಿ ತಿರುಗುತ್ತದೆ. ಹನುಮಣ್ಣ ಮಗಳ ರಟ್ಟೆ ಹಿಡಿಯಲು ಕೈ ಚಾಚಿದ. ಹಿಡಿಯಬಹುದಿತ್ತು, ಅಷ್ಟು ಹತ್ತಿರದಲ್ಲೇ ಇದ್ದಳು. ಆದರೆ ಗಂಡ ಕರೆದೊಯ್ಯುತ್ತಿರುವ ಹೆಂಡತಿಯನ್ನು ಹೊಸ ಅಳಿಯನ ಕೈಯಿಂದ ಕಿತ್ತುಕೊಳ್ಳುವುದು ಹೇಗೆ? ಚಾಚಿದ ಕೈ ಹಿಂದಕ್ಕೆ ಬಂತು. ಆ ಕೈಯ ಮೇಲೆ ಅವನಿಗೆ ಇವತ್ತಿಗೂ ಸಿಟ್ಟಿದೆ.

ಹಾವು ಕಂಡವನು ಹಾವಿನ ಕಡೆ ಮುಖ ಮಾಡಿ ನಿಲ್ಲುತ್ತಾನೆ, ಹುಚ್ಚುನಾಯಿ ಕಂಡವನೂ ಅಷ್ಟೇ. ಸೆಲ್ಫಿಯವನು ಮಾತ್ರ ಸಾವಿಗೆ ಬೆನ್ನು ಕೊಟ್ಟು ನಗುತ್ತಾನೆ. ಗುಡಿಯ ಅಂಗಳದ ಅಂಚಿನಲ್ಲಿ ಇಬ್ಬರೂ ಬೆನ್ನು ತಿರುಗಿಸಿ ನಿಂತರು. ಅಳಿಯ ಕೂದಲು ಸರಿಮಾಡಿಕೊಂಡು ಮೊಬೈಲ್ ಎತ್ತಿದ. ಫಳಕ್ಕನೆ ಬೆಳಕು ಹೊಡೆಯಿತು.

ಕರಡಿ ಎರಡು ಕಾಲ ಮೇಲೆ ಎದ್ದು ನಿಂತಿತು. ಮರಿ ಕೆಳಗೆ ಜಾರಿ ಕಿರುಚಿತು. ಕ್ರಾಂತಿಕುಮಾರ್ ಅದನ್ನು ಮೊಬೈಲಿನ ಗಾಜಿನಲ್ಲೇ ನೋಡಿದ. ಗಾಜಿನಲ್ಲಿದ್ದ ಕರಡಿ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ಕೀರ್ತನಾ ಬೆದರಿ ಅವನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ಅವನು ಕೈ ಕೊಡವಿ, ಅವಳನ್ನು ಅಲ್ಲೇ ಬಿಟ್ಟು ಬಂಡೆಯ ಕಡೆ ಓಡಿದ.

ಬಂಡೆಯಿಂದ ಹಾರಿದ್ದು ಹನುಮಣ್ಣನಿಗೆ ನೆನಪಿಲ್ಲ. ಮಗಳನ್ನು ಪಕ್ಕಕ್ಕೆ ತಳ್ಳಿದ್ದು ನೆನಪಿದೆ. ಕೋಲು ಬೀಸಿದ, ಅದು ಮುರಿಯಿತು. ಕರಡಿಯ ಉಗುರು ಎಡಗೈಯನ್ನು ಮೊಣಕೈಯಿಂದ ಮಣಿಕಟ್ಟಿನ ತನಕ ಸೀಳಿತು. ಅವನು ಎದೆ ಒಡೆಯುವ ಹಾಗೆ ಅರಚುತ್ತ, ಮುರಿದ ಕೋಲಿನಿಂದ ಅದರ ಮೂತಿಗೆ ತಿವಿದ. ಹಿಂದೆ ಮರಿ ಮತ್ತೆ ಕಿರುಚಿತು. ಕರಡಿ ತಿರುಗಿ ಮರಿಯ ಕಡೆ ಓಡಿತು, ಎರಡೂ ಕಲ್ಲುಗಳ ಸಂದಿಯಲ್ಲಿ ಮರೆಯಾದವು.

ರಕ್ತ ಸುರಿಸುತ್ತಲೇ ಹನುಮಣ್ಣ ಬಂಡೆ ಹತ್ತಿದ. ಅಳಿಯ ಮೊಬೈಲಿನಲ್ಲಿ ಫೋಟೊ ಸರಿಯಾಗಿ ಬಂದಿದೆಯೇ ಎಂದು ನೋಡುತ್ತ ನಿಂತಿದ್ದ.

"ಲೇ," ಅಂದ ಹನುಮಣ್ಣ, ಮತ್ತು ಬಲಗೈಯಿಂದ ಕಪಾಳಕ್ಕೆ ಬಾರಿಸಿದ.

ಕೂಡ್ಲಿಗಿ ಆಸ್ಪತ್ರೆಯಲ್ಲಿ ಹನುಮಣ್ಣನ ಕೈಗೆ ಹೊಲಿಗೆ ಹಾಕುವ ಹೊತ್ತಿಗೆ ಆ ಫೋಟೊ ಊರೂರು ಸುತ್ತಿತ್ತು. ಅಳಿಯನ ಧೈರ್ಯವನ್ನು ಹೊಗಳಿದವರೂ ಇದ್ದರು. ಅಂಥವರಿಗೆ ಏನೆನ್ನುವುದು!

ಕ್ರಾಂತಿಕುಮಾರ್ ಫೋನ್ ಮಾಡಿ ಕರೆಸಿದ್ದಕ್ಕೆ ಮರುದಿನ ಮಧ್ಯಾಹ್ನ ಹರಪನಹಳ್ಳಿಯಿಂದ ಅವನ ಸೋದರಮಾವ ನಾಲ್ಕು ಜನರನ್ನು ಕಟ್ಟಿಕೊಂಡು ಕಾರಿನಲ್ಲಿ ಬಂದಿಳಿದ. ಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಹನುಮಣ್ಣನ ಎಡಗೈಯನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿದ್ದರು. ಅದನ್ನು ನೋಡಿಯೂ ಯಾರೂ ಹೇಗಿದೆ ಎಂದು ಕೇಳಲಿಲ್ಲ.

"ಹಬ್ಬಕ್ಕೆ ಕರೆಸಿ ಅಳಿಯನ ಕಪಾಳಕ್ಕೆ ಹೊಡೆದೀರಲ್ಲ, ಇದ್ಯಾವ ಸೀಮೆ ಪದ್ಧತಿ ರೀ?" ಅಂದ ಸೋದರಮಾವ. "ನಾಲ್ಕು ಜನದ ಮುಂದೆ ತಪ್ಪಾತು ಅಂತ ಕೈ ಮುಗೀರಿ, ಹುಡುಗಿನ ಕರ್ಕೊಂಡು ಹೋಗ್ತೀವಿ. ಇಲ್ಲಾಂದ್ರೆ ಇಲ್ಲೇ ಇಟ್ಕಳ್ರಿ."

ಓಬಣ್ಣ ಎದ್ದು ಏನೋ ಹೇಳಹೋದ. ಹನುಮಣ್ಣ ಅಣ್ಣನನ್ನು ಕಣ್ಣಲ್ಲೇ ತಡೆದ. ಬಾಗಿಲಲ್ಲಿ ಕೀರ್ತನಾ ಬ್ಯಾಗ್ ಹಿಡಿದು ನಿಂತಿದ್ದಳು. ಕರಡಿಯಿಂದ ಉಳಿದ ಮಗಳ ಬಾಳು ತನ್ನ ಒಂದು ಏಟಿನಿಂದ ಹಾಳಾಯಿತೆಂದು ನಾಳೆ ಜನ ಆಡಿಕೊಳ್ಳುವುದು ಅವನಿಗೆ ಬೇಡವಾಗಿತ್ತು. ಮಾನ ತನ್ನದು, ಹೋದರೆ ಹೋಗಲಿ. ಎರಡು ಕೈ ಕೂಡದ್ದರಿಂದ ಬಲಗೈ ಒಂದನ್ನೇ ಹಣೆಯ ತನಕ ಎತ್ತಿದ.

"ತಪ್ಪಾತ್ರಿ..."

"ತಡೀರಿ ಮಾವ." ಕ್ರಾಂತಿಕುಮಾರ್ ಎದ್ದು ಮೊಬೈಲ್ ಎತ್ತಿದ್ದ. "ಮುಖ ಸರಿಯಾಗಿ ಬರ್ತಿಲ್ಲ. ಸ್ವಲ್ಪ ಬೆಳಕಿನ ಕಡೆ ತಿರುಗ್ರಿ. ಮತ್ತೊಂದ್ಸಲ ಹೇಳ್ರಿ."

ಹನುಮಣ್ಣ ತಿರುಗಿದ. ತಿರುಗಿದ, ನಿಜ. ಗಾದೆಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು.

ಕೀರ್ತನಾ ಬ್ಯಾಗನ್ನು ಹೊಸ್ತಿಲಲ್ಲಿ ಬಿಟ್ಟು, ಜನರ ನಡುವೆ ದಾಟಿ ಬಂದು, ಅಪ್ಪನ ಮುಂದೆ ಮೊಬೈಲಿಗೆ ಅಡ್ಡವಾಗಿ ನಿಂತಳು.

"ತಗೀರಿ," ಅಂದಳು ಗಂಡನಿಗೆ. "ಕರಡಿ ಬಂದಾಗ ನಾ ಹಿಡಿದಿದ್ದ ಕೈ ಕೊಡವಿ ಓಡಿದ್ರಲ್ಲ, ಅದು ನಿಮ್ಮ ಫೋಟೊದಾಗ ಬಂದಿಲ್ಲ. ಇದಾದ್ರೂ ಬರ್ಲಿ. ನಾ ನಿಮ್ಮ ಮನಿಗೆ ಬರಂಗಿಲ್ಲ."

ಸೋದರಮಾವ ಅಳಿಯನ ಮುಖ ನೋಡಿದ. "ಕೈ ಬಿಟ್ಟು ಓಡಿದೇನಲೇ?" ಎಂದು ಕೇಳಿದ. ಕ್ರಾಂತಿಕುಮಾರನ ಮೊಬೈಲ್ ಇನ್ನೂ ಎತ್ತಿಯೇ ಇತ್ತು.

ಹನುಮಣ್ಣ ಹಣೆಗೆ ಎತ್ತಿದ್ದ ಕೈಯನ್ನು ಇಳಿಸಿ ಮಗಳ ಹೆಗಲ ಮೇಲೆ ಇಟ್ಟ.