ಯಾವ ಕೊಪ್ಪ?

ಹೊಗೆಸೊಪ್ಪು ಮಾರಿ ಮುಗಿಯಿತೆಂದರೆ ನಮ್ಮ ಪಿರಿಯಾಪಟ್ಟಣದವರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಈ ಸಲವೂ ಅಷ್ಟೆ. ಹುಣಸೂರಿನಲ್ಲಿ ಮದುವೆ, ಕೆ.ಆರ್. ನಗರದಲ್ಲಿ ನಾದಿನಿಯ ಮಗುವಿಗೆ ನಾಮಕರಣ, ನಡುವೆ ಮಾದಪ್ಪನ ಬೆಟ್ಟ, ಆಮೇಲೆ ಎನ್. ಬೇಗೂರಿನಲ್ಲಿ ಚಿಕ್ಕಮಾವನ ಹೊಸ ಮನೆಯ ಗೃಹಪ್ರವೇಶ. ಎಲ್ಲದಕ್ಕೂ ಮನೆಮಂದಿ ತುಂಬಿದ ಟೆಂಪೋ, ಎಲ್ಲದಕ್ಕೂ ನಾನು ಕೋಳಿ ಕೂಗುವ ಮೊದಲೇ ಎದ್ದು ಕಲಸುವ ಪುಳಿಯೋಗರೆ. ಹೋಟೆಲಿನವರು ಎಲ್ಲದಕ್ಕೂ ಸೋಡಾ ಹಾಕುತ್ತಾರೆ ಎಂಬುದು ನಮ್ಮತ್ತೆ ಗುರುಶಾಂತಮ್ಮನವರ ನಂಬಿಕೆ. ಮದುವೆಯಾಗಿ ಬಂದ ಮೇಲೆ ನಾನು ನೋಡಿದ ಊರುಗಳೆಲ್ಲ ನೆನಪಿನಲ್ಲಿ ಹುಣಸೆಹಣ್ಣಿನ ವಾಸನೆ ಹೊಡೆಯುತ್ತವೆ.

ನನಗಿದ್ದದ್ದು ಒಂದೇ ಆಸೆ. ಸಮುದ್ರ ನೋಡಬೇಕು, ಒಬ್ಬಳೇ ಹೋಗಬೇಕು, ಕೈಯಲ್ಲಿ ಡಬ್ಬಿ ಇರಬಾರದು.

ಕಾಲೇಜಿನ ಗೆಳತಿ ನೀಲಾಂಬಿಕೆ ದೇವರಂತೆ ಮೆಸೇಜು ಹಾಕಿದಳು. "ಶನಿವಾರ ಬೆಳಿಗ್ಗೆ ಕೊಪ್ಪಕ್ಕೆ ಬಂದುಬಿಡು. ನಮ್ಮ ಕಾರಿನಲ್ಲೇ ಸಮುದ್ರಕ್ಕೆ ಹೋಗೋಣ, ಭಾನುವಾರ ವಾಪಸ್ಸು." ಅವಳನ್ನು ಕೊಪ್ಪದ ಕಾಫಿ ತೋಟದವರಿಗೆ ಕೊಟ್ಟಿದ್ದರು. ಕೊಪ್ಪವೆಂದರೆ ನಮಗೆ ಬೈಲಕುಪ್ಪೆಯ ಪಕ್ಕದ ಕೊಪ್ಪ. ಅದನ್ನು ದಾಟಿದರೆ ಕೊಡಗು, ಕಾಫಿ. ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಎಂದು ವರ್ಷಗಟ್ಟಲೆ ಕಾದಿದ್ದೆ. ಇಷ್ಟು ಹತ್ತಿರವಿದ್ದೂ ಒಂದು ದಿನ ನಮ್ಮ ಮನೆಗೆ ಬರಲಿಲ್ಲವಲ್ಲ ಎಂದು ಮುನಿಸಿಕೊಂಡೂ ಇದ್ದೆ. ಆ ಮುನಿಸನ್ನೆಲ್ಲ ಅವತ್ತೇ ಬಿಟ್ಟೆ.

ಗೃಹಪ್ರವೇಶ ಸೋಮವಾರ. ಕೊಪ್ಪ ಹತ್ತಿರವಾದ್ದರಿಂದ ಮಾತ್ರ ನನ್ನ ಸಮುದ್ರ ಶನಿವಾರಕ್ಕೂ ಸೋಮವಾರಕ್ಕೂ ನಡುವೆ ಹಿಡಿಸಿತು. ಮನೆಯಲ್ಲಿ ಸಮುದ್ರದ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಆ ಕ್ಷಣವೇ ಟೆಂಪೋ ಬುಕ್ಕಾಗುತ್ತಿತ್ತು. ಗೆಳತಿಯ ಮನೆಯಲ್ಲಿ ಒಂದು ರಾತ್ರಿ ಇದ್ದು ಬರುತ್ತೇನೆ ಎಂದಷ್ಟೇ ಹೇಳಿದೆ.

"ಕೊಪ್ಪ ತಾನೆ? ಇಲ್ಲೇ ಅಲ್ವಾ, ಹೋಗ್ಬಾ ಬುಡು," ಎಂದರು ನಮ್ಮ ಯಜಮಾನರು ಬಸವಪ್ರಸಾದ್, ಅಂಗಡಿಯ ಕೀಲಿ ಹುಡುಕುತ್ತಾ.

ಶನಿವಾರ ಅತ್ತೆ ನನಗಿಂತ ಮೊದಲೇ ಹೊರಟರು. ಪ್ರತಿ ಶನಿವಾರ ಅವರು ಕುಶಾಲನಗರದ ವೈದ್ಯರೊಬ್ಬರ ಹತ್ತಿರ ಮಂಡಿಗೆ ಎಣ್ಣೆ ಹಚ್ಚಿಸಿಕೊಂಡು ಬರುವುದುಂಟು. ಅವರು ಹೋದ ಮೇಲೆ ನಾನು ಬ್ಯಾಗು ಹಿಡಿದು ಬಸ್ಸು ಹತ್ತಿದೆ.

ಕೊಪ್ಪದಲ್ಲಿ ಇಳಿದು ಫೋನು ಮಾಡಿದೆ. "ನೀಲಾ, ಬಂದೆ ಕಣೇ. ಸ್ವೆಟರ್ ಅಂಗಡಿ ಮುಂದೆ ನಿಂತಿದ್ದೀನಿ."

"ಸ್ವೆಟರ್ ಅಂಗಡಿನಾ? ನಾನು ಬಸ್‌ಸ್ಟ್ಯಾಂಡಲ್ಲೇ ಇದ್ದೀನಿ, ನೀನು ಕಾಣ್ತಿಲ್ವಲ್ಲೇ."

"ಇಲ್ಲೇ, ಕೆಂಪು ಬಟ್ಟೆ ಸ್ವಾಮಿಗಳು ಹೋಗ್ತಿದ್ದಾರಲ್ಲ, ಟಿಬೆಟ್‌ನವರು, ಅವರ ಹಿಂದೆ."

ಅವಳು ಮೆಲ್ಲಗೆ ಕೇಳಿದಳು. "ಆಶಾ, ನೀನು ಯಾವ ಕೊಪ್ಪದಲ್ಲಿದ್ದೀಯ?"

ಅವಳ ಕೊಪ್ಪ ಚಿಕ್ಕಮಗಳೂರು ಜಿಲ್ಲೆಯದು, ಶೃಂಗೇರಿ ಹತ್ತಿರದ್ದು. ಅಲ್ಲಿಗೆ ತಲುಪುವಷ್ಟರಲ್ಲಿ ರಾತ್ರಿಯೇ ಆಗುತ್ತದೆ. "ಹೋಗ್ಲಿ ಬಿಡೇ, ಮುಂದಿನ ವರ್ಷ ನೋಡೋಣ," ಎಂದಳು ಪಾಪ. ಮುಂದಿನ ವರ್ಷ ಅಂದರೆ ನಮ್ಮ ಮನೆಯಲ್ಲಿ ಏನರ್ಥ ಎಂದು ನನಗೆ ಗೊತ್ತು. ರಸ್ತೆ ಬದಿಯಲ್ಲೇ ಕಣ್ಣಲ್ಲಿ ನೀರು ಬಂತು, ನಾಚಿಕೆಯೂ ಆಯಿತು. ಮುಖ ಮರೆಸಿಕೊಳ್ಳೋಣವೆಂದು ಪಕ್ಕದ ಮೋಮೋ ಅಂಗಡಿಯೊಳಗೆ ನುಗ್ಗಿದೆ.

ಒಳಗೆ ಮೂಲೆಯ ಮೇಜಿನಲ್ಲಿ ನಮ್ಮತ್ತೆ ಕೂತಿದ್ದರು. ಕೈಯಲ್ಲಿ ಮೋಮೋ, ತುಟಿಯ ಅಂಚಿನಲ್ಲಿ ಕೆಂಪು ಚಟ್ನಿ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ. ಅಲ್ಲಿ ಇಬ್ಬರು ಕಳ್ಳರಿದ್ದೆವು. ಮೊದಲು ಸುಧಾರಿಸಿಕೊಂಡವರು ಅವರೇ.

"ವೆಜ್ಜು ಕಣವ್ವ, ಕೇಳೇ ತಗೊಂಡಿದ್ದು," ಎಂದರು. "ಕಡುಬು ಇದ್ದಂಗೇ ಅದೆ."

"ಅತ್ತೆ, ಮಂಡಿ? ಎಣ್ಣೆ?"

"ಮಂಡಿ ವಾಸಿಯಾಗಿ ವರ್ಷ ಆಯ್ತು. ವಾಸಿಯಾಯ್ತು ಅಂದ್ರೆ ಶನಿವಾರ ಯಾರವ್ವ ಕಳಿಸ್ತಾರೆ?" ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ನೀ ಯಾಕೆ ಅಳ್ತಿದ್ದೀಯ? ಹೇಳು."

ಹೇಳಿದೆ. ಎರಡು ಕೊಪ್ಪದ ಕತೆ, ಸಮುದ್ರದ ಕತೆ, ಕೊನೆಗೆ ಪುಳಿಯೋಗರೆಯ ಮಾತೂ ಬಾಯಿಂದ ಜಾರಿಬಿಟ್ಟಿತು. ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿ ಕೂತೆ. ಅತ್ತೆ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಜಗಿದು ಮುಗಿಸಿದರು.

"ನಿಂಗಿಂತ ಮುಂಚೆ ಕಲಸ್ತಿದ್ದೋಳು ನಾನೇ ಅಲ್ವೇನವ್ವ," ಎಂದವರೇ ನನ್ನ ಫೋನು ಕಿತ್ತುಕೊಂಡು ನೀಲಾಂಬಿಕೆಗೆ ಮಾಡಿದರು. "ತಾಯಿ, ನಿಮ್ ಕೊಪ್ಪ ಅಲ್ಲೇ ಇರ್ಲಿ, ನಮ್ ಕೊಪ್ಪ ಇಲ್ಲೇ ಇರ್ಲಿ. ಸಮುದ್ರ ಇಬ್ರಿಗೂ ಒಂದೇ ತಾನೆ? ನೀವು ಘಾಟಿ ಇಳ್ದು ಮಂಗಳೂರಿಗೆ ಬಂದ್ಬುಡಿ. ಇವಳು ಇಲ್ಲಿಂದ ಬಸ್ಸಲ್ಲಿ ಬತ್ತಾಳೆ."

ಮಂಗಳೂರು ಬಸ್ಸು! ದಿನಾ ನಮ್ಮ ಪಿರಿಯಾಪಟ್ಟಣದ ನಡುವೆಯೇ ಹಾದುಹೋಗುವ ಬಸ್ಸು. ಅದರ ಬೋರ್ಡನ್ನು ಸಾವಿರ ಸಲ ಓದಿದ್ದೇನೆ, ಹತ್ತಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು.

ಬಸ್ಸು ಬಂತು. ಅತ್ತೆ ಮೋಮೋ ಪೊಟ್ಟಣವನ್ನು ಕಿಟಕಿಯಲ್ಲಿ ತುರುಕಿದರು. "ನೋಡವ್ವ, ನೀ ಕೊಪ್ಪಕ್ಕೆ ಬಂದಿದ್ದೆ. ನಾ ಕೊಪ್ಪಕ್ಕೆ ಬಂದೇ ಇಲ್ಲ. ತಿಳೀತಾ?"

ಮಡಿಕೇರಿ ದಾಟುವ ಹೊತ್ತಿಗೆ ಯಜಮಾನರ ಫೋನು. "ಕೊಪ್ಪ ತಲುಪಿದ್ಯಾ?"

"ಆಗಲೇ ತಲುಪಿ ಆಯ್ತು ರೀ," ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಸಮುದ್ರದ ವಿಷಯ ಬರೆಯುವುದಿಲ್ಲ, ಅದು ನನ್ನದು. ಬರಿಗೈಯಲ್ಲಿ ನಿಂತಿದ್ದೆ, ತುಂಬಾ ಖುಷಿಯಾಯಿತು, ಅಷ್ಟು ಸಾಕು.

ಭಾನುವಾರ ಸಂಜೆ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಹಿಡಿ ಮರಳು ಉದುರಿತು. ಯಜಮಾನರು ಹಜಾರದಲ್ಲೇ ಪೇಪರು ಓದುತ್ತಿದ್ದರು. ಅತ್ತೆ ಎದ್ದು ಬಂದು, ಮಂಡಿ ಹಿಡಿದುಕೊಂಡು ನರಳುತ್ತಾ, ಆ ಮರಳನ್ನು ಕಾಲಿನಿಂದಲೇ ಕಾಲೊರೆಸುವ ಮ್ಯಾಟಿನ ಕೆಳಗೆ ಸರಿಸಿದರು.

ಸೋಮವಾರ ನಸುಕಿನಲ್ಲಿ ಎದ್ದು ಅಡುಗೆಮನೆಗೆ ಹೋದರೆ ಅತ್ತೆ ಆಗಲೇ ದೊಡ್ಡ ತಪ್ಪಲೆಯಲ್ಲಿ ಅನ್ನ ಹರವಿ ಕೂತಿದ್ದರು. ನಾನು ಗೊಜ್ಜು ಸುರಿದೆ, ಅವರು ಕಲಸಿದರು. ಹೊರಗಿನಿಂದ ಯಜಮಾನರು ಟೆಂಪೋ ಬಂತೆಂದು ಕೂಗಿದರು. ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ ನನ್ನತ್ತ ಬಾಗಿದರು.

"ಆಶಾ, ಇನ್ನೊಂದು ಸಲ ಕೊಪ್ಪಕ್ಕೆ ಹೋದ್ರೆ ನನ್ನೂ ಕರ್ಕೊಂಡೋಗವ್ವ."

"ಯಾವ ಕೊಪ್ಪಕ್ಕೆ ಅತ್ತೆ?"

ಅವರು ಕಲಸುವ ಕೈ ನಿಲ್ಲಿಸಲಿಲ್ಲ. "ಮರಳಿರೋ ಕೊಪ್ಪಕ್ಕೆ."