ಮಸಿ ಹಿಡಿದ ಕರಡಿಗೆ

ಕುರಿ ಕಾಯುವ ಧನಗರ ಮುದುಕಿ, ಕಲ್ಲವ್ವ ಕೊಟ್ಟ ಲಿಂಗದ ಬೆಳ್ಳಿ ಕರಡಿಗೆಯನ್ನು ಒಲೆಯ ಹೊಗೆಗೆ ಹಿಡಿದು, ಬೂದಿಯಲ್ಲಿ ಹೊರಳಿಸಿ, ಆರುವವರೆಗೆ ಊದಿದಳು. ಯಾಕೆಂದು ಕೇಳಲಿಲ್ಲ. ಮಜ್ಜಿಗೆಯ ಬಟ್ಟಲನ್ನು ಮುಂದೆ ಸರಿಸಿ, "ಪೀ ಬಾಯಿ," ಎಂದಳು. ಕಲ್ಲವ್ವ ಕುಡಿದು, ಕರಡಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೊತ್ತೇರಾಕತ್ತದ, ಏಳು!" ಭಾವ ನಿಜಲಿಂಗಪ್ಪ ಹೊರಗಿನಿಂದ ಕೂಗಿದ. ಅವನು ಕುರಿಯವರ ಗುಡಿಸಲಲ್ಲಿ ನೀರು ಮುಟ್ಟುವವನಲ್ಲ.

ಕಾತ್ರಜ ಘಾಟಿನಾಚೆಯ ಗುಡ್ಡಕ್ಕೆ ದಂಡಿನ ವಿಮಾನ ಬಡಿದು ಹನ್ನೆರಡು ದಿನವಾಗಿತ್ತು. ಸಾಹೇಬರಿಗೆ ಅಡಿಗೆ ಮಾಡುತ್ತಿದ್ದ ಅವಳ ಗಂಡ ಗೂಳಪ್ಪ, "ಇವತ್ತ ನನ್ನೂ ವಿಮಾನದಾಗ ಕರಕೊಂಡು ಹೊಂಟಾರ," ಎಂದು ನಗುತ್ತ ಹೋದವನು ತಿರುಗಿ ಬಂದಿರಲಿಲ್ಲ. ಸತ್ತವರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಓಡಿಹೋಗಿದ್ದಾನೆ ಎಂದು ಕಚೇರಿಯವರು ಬರೆದುಕೊಂಡರು.

"ಲಿಂಗವಂತ ಸತ್ತರೂ ಮೈಮ್ಯಾಗಿನ ಲಿಂಗ ಬಿಡಂಗಿಲ್ಲ," ಎಂದಿದ್ದ ನಿಜಲಿಂಗಪ್ಪ. "ಬೂದ್ಯಾಗ ಅವನ ಕರಡಿಗಿ ಸಿಕ್ಕರ ಸಮಾಧಿ ಮಾಡೂಣು. ಇಲ್ಲಾಂದ್ರ ನೀ ಓಡಿಹೋದಾವನ ಹೇಣ್ತಿ. ತವರಿಗೆ ನಡಿ."

ಮಾಂಸ ಬೇಯಿಸುವ ದಿನ ಗೂಳಪ್ಪ ಕರಡಿಗೆ ಬಿಚ್ಚಿ ಅವಳ ಕೈಗೆ ಕೊಟ್ಟು ಹೋಗುತ್ತಿದ್ದ. ಅವತ್ತೂ ಕೊಟ್ಟೇ ಹೋಗಿದ್ದ. ಅದು ಗಂಡಹೆಂಡಿರಿಬ್ಬರಿಗೇ ಗೊತ್ತು. ಮಠದವರ ಕಿವಿಗೆ ಬಿದ್ದರೆ ಅವನಿಗೆ ಮಣ್ಣೂ ಸಿಗುತ್ತಿರಲಿಲ್ಲ.

ಗುಡ್ಡದ ಮೇಲೆ ಮುರಿದ ರೆಕ್ಕೆಯೊಂದು ಬಂಡೆಗೆ ಒರಗಿತ್ತು. ಅದರಡಿಯ ಬೂದಿ ಕೆದಕುತ್ತಿದ್ದ ಕಲ್ಲವ್ವ ಕೂಗಿದಳು: "ಭಾವಾರ, ಸಿಕ್ತರೀ!"

ನಿಜಲಿಂಗಪ್ಪ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಮುಚ್ಚಳ ತೆಗೆದ. ಲಿಂಗಕ್ಕೆ ಸುತ್ತಿದ ಅರಿವೆ ಆಗಷ್ಟೇ ಒಗೆದಂತೆ ಬೆಳ್ಳಗಿತ್ತು. ಅವನು ಸುತ್ತ ಕರಗಿ ಹೆಪ್ಪುಗಟ್ಟಿದ್ದ ತಗಡನ್ನು ನೋಡಿದ. ಕಲ್ಲವ್ವನ ಸೊಂಟದ ಮಸಿ ನೋಡಿದ. ಮುಚ್ಚಳ ಹಾಕಿದ.

"ಆತು. ತಮ್ಮ ಸತ್ತಾನ. ಬಳಿ ಒಡಿ."

"ಇಲ್ಲೇನ್ರಿ? ಮನಿಗೆ ಹೋಗಿ..."

"ಇಲ್ಲೇ. ಮತ್ತ ಕೇಳು, ನಾಳೆ ಅವ ಬಂದು ಬಾಗಲಾ ಬಡದರೂ ತೆಗೀಬ್ಯಾಡ. ಸತ್ತಾವಗ ಯಾರೂ ಬಾಗಲಾ ತೆಗಿಯಂಗಿಲ್ಲ."

ಆಡುಗಳ ಹಿಂದೆ ಹತ್ತಿಬಂದಿದ್ದ ಮುದುಕಿ ಬಂಡೆಯ ಮೇಲೆ ತನ್ನ ಕಂಬಳಿಯ ಅಂಚು ಹಾಸಿದಳು. ಕಲ್ಲವ್ವನ ಮುಂಗೈ ತರಚದಂತೆ ಹಿಡಿದುಕೊಂಡು, "ಹಳೂ, ಹಳೂ," ಎಂದು ಮೆಲ್ಲಗೆ ಒಡೆಯಲು ಹೇಳಿದಳು. ಬಳೆಯ ಹಸಿರು ಚೂರುಗಳು ಹುಲ್ಲಿಗೆ ಸಿಡಿದವು.

ಮುದುಕಿ ಕುಕ್ಕರುಗಾಲಲ್ಲಿ ಕುಳಿತು ಅವನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದಳು. ಕಲ್ಲವ್ವ ಬರಿಗೈಗಳನ್ನು ಜೋಡಿಸಿದಳು. ಮುದುಕಿ ತಲೆಯೆತ್ತಲಿಲ್ಲ. ಗಾಜು ಚುಚ್ಚೀತೆಂಬಂತೆ ಮೇಯುತ್ತಿದ್ದ ಆಡುಗಳ ಕಾಲುಗಳತ್ತ ಬೆರಳು ತೋರಿಸಿ, ಮತ್ತೊಂದು ಚೂರಿಗಾಗಿ ಹುಲ್ಲು ಸರಿಸಿದಳು.