ಊರಾಚೆಗೆ ಹೋದ ನಾತ

ಸೋಪಣ್ಣ ಎಂದರೆ ಪ್ರಾಂತ್ಯಕ್ಕೆಲ್ಲ ಗೊತ್ತು. ಹಿತ್ತಲ ಒಲೆಯ ಮೇಲೆ ಸಾಬೂನು ಕುದಿಸಿ ಸೈಕಲ್ಲಿನಲ್ಲಿ ಮಾರುತ್ತಿದ್ದವನು ಊರ ನಡುವೆ ಕಾರ್ಖಾನೆ ಕಟ್ಟಿದ. ಚುನಾವಣೆಗೆ ನಿಂತಾಗ ಎದುರಾಳಿಗಳು, "ಕೈಗೆ ಸಿಗದೆ ಜಾರೋ ಆಸಾಮಿ" ಎಂದು ನಕ್ಕರು. ಜನರಿಗೆ ಬೇಕಾಗಿದ್ದು ಒಂದೇ: ಸಾಬೂನಿಗೆ ಕೊಬ್ಬು ಕುದಿಯುವ ನಾತ ಊರಿಂದ ತೊಲಗಬೇಕು. "ಗೆದ್ರೆ ಕಾರ್ಖಾನೆ ಊರಾಚೆಗೆ" ಎಂದು ಮಾತು ಕೊಟ್ಟ. ಗೆದ್ದ. ಮಾತನ್ನೂ ಉಳಿಸಿಕೊಂಡ.

ಊರಾಚೆ ಅಂದರೆ ಪೂರ್ವದ ಬಡಾವಣೆ. ಅಲ್ಲಿ ಜಾಗ ಅಗ್ಗ, ತಕರಾರು ಮಾಡುವವರೂ ಇಲ್ಲ. ಅವನ ತಂಗಿಯ ಮನೆ ಅಲ್ಲೇ. ಗಂಡ ತೀರಿಹೋದ ಮೇಲೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಮಗಳನ್ನು ಓದಿಸುತ್ತಿದ್ದಳು. ಜಾಗ ನೋಡಲು ಹೋದ ದಿನ ಸೋಪಣ್ಣನಿಗೆ ಅವಳ ನೆನಪು ಬಂದಿತ್ತು. 'ಹೊಂದಿಕೊಳ್ತಾಳೆ ಬಿಡು' ಅಂದುಕೊಂಡು ಸಹಿ ಹಾಕಿದ್ದ.

ಎರಡನೇ ಸಲ ಗೆದ್ದಾಗ ಮಂತ್ರಿಗಿರಿ ಒಲಿಯಿತು. ಪ್ರಮಾಣವಚನಕ್ಕೆಂದು ಕೊಂಡ ಕೋಟಿನ ತೋಳು ಉದ್ದವಾಗಿತ್ತು. ತಂಗಿಯ ಬಳಿ ಒಯ್ದ. ಮೇಜಿನ ಮೇಲೆ ಕತ್ತರಿ, ಸೀಮೆಸುಣ್ಣ ಇದ್ದವು. ಬಟ್ಟೆ ತೂಗುಹಾಕುವ ಗೂಟಗಳೆಲ್ಲ ಖಾಲಿ. ಅವಳು ಕೋಟನ್ನು ಮುಟ್ಟಲಿಲ್ಲ.

"ಬೇರೆ ಕಡೆ ಕೊಡೋ ಅಣ್ಣ."

"ಯಾಕೆ, ಮುನಿಸಾ?"

"ಮುನಿಸೇನು ಬಂತು! ಇಲ್ಲಿ ಒಂದು ದಿನ ಇಟ್ರೆ ನಾತ ಹಿಡಿಯುತ್ತೆ. ಎಷ್ಟು ಒಗೆದ್ರೂ ಹೋಗಲ್ಲ. ಮಂತ್ರಿಯಾಗೋನು ನಾರ್ತಾ ನಿಲ್ಬೇಕಾ?"

"ನಂಗೇನೂ ಗೊತ್ತಾಗ್ತಿಲ್ವಲ್ಲ."

"ನಿನ್ನ ಮೂಗು ಅದರಲ್ಲೇ ಬೆಂದುಹೋಗಿದೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಿಂಗೆ ಗೊತ್ತಿರಲ್ಲ ಅಂತ ನಂಗೆ ಅನ್ನಿಸ್ಲೇ ಇಲ್ಲ."

ಸೋಪಣ್ಣ ಕೋಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. ತನ್ನ ಮನೆಯ ಮಹಡಿಗೆ ಬಂದಿರು ಎಂದ. "ಅಕ್ಕಪಕ್ಕದವರನ್ನೂ ಕರ್ಕೊಂಡು ಬರ್ಲಾ?" ಎಂದಳು, ನಗುತ್ತಲೇ.

ಪಾಲುದಾರನಾದ ಭಾವಮೈದುನ ಕೂಗಾಡಿದರೂ ಕೇಳದೆ, ಸೋಪಣ್ಣ ಕಾರ್ಖಾನೆಗೆ ಮುಚ್ಚಿದ ಬಾಯಿಯ ಕಡಾಯಿಗಳನ್ನು ಹಾಕಿಸಿದ. ನಾತ ಬಹುಪಾಲು ಇಳಿಯಿತು. ತಂಗಿಯ ಗಿರಾಕಿಗಳು ಮಾತ್ರ ಅಷ್ಟರಲ್ಲಿ ಬೇರೆ ದರ್ಜಿಗಳನ್ನು ಹಿಡಿದಿದ್ದರು. ಅಣ್ಣ ಕೊಡಿಸುತ್ತೇನೆಂದ ಅಂಗಡಿಯನ್ನು ತಂಗಿ ಬೇಡವೆಂದಳು. ಯಂತ್ರ ಮಾರಿ, ಸಿದ್ಧ ಉಡುಪಿನ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು.

ಬಡಾವಣೆಯವರು ಮಂತ್ರಿಗೆ ಸನ್ಮಾನ ಇಟ್ಟುಕೊಂಡರು. "ನಮ್ಮ ಗಾಳಿ ನಮಗೆ ಕೊಟ್ಟ ಧಣಿ" ಎಂದು ಮುಖಂಡನೊಬ್ಬ ಹೊಗಳಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ತಂಗಿಯೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಸೋಪಣ್ಣ ಮೈಕಿನ ಮುಂದೆ ನಿಂತ.

"ಆ ಗಾಳಿ ಕೆಡಿಸಿದ್ದೂ ನಾನೇ. ನಾತ ಇಲ್ಲಿಯವರಿಗೆ ತಟ್ಟುತ್ತೆ ಅಂತ ಜಾಗ ನೋಡಿದ ದಿನವೇ ನಂಗೆ ಗೊತ್ತಿತ್ತು."

ಜನ ಅದನ್ನು ದೊಡ್ಡ ಮನಸ್ಸೆಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ತಂಗಿ ಮಾತ್ರ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದಳು.